ಮನೆಯೊಳಗಿನ ಕಚೇರಿಗೆ ಬೀಗ ಹಾಕುವುದು ಯಾವಾಗ?

ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರದಲ್ಲಿ ಎರಡು ತಲೆಮಾರಿನ ದುಡಿಮೆ ಒಂದೇ ಸೂರಿನಡಿ ಕಾಣಸಿಗುತ್ತದೆ. ಹಿರಿಯರಲ್ಲಿ ಅನೇಕರು ಜಾಲಹಳ್ಳಿಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು. 1953ರಲ್ಲಿ ಶುರುವಾದ ಎಚ್‌ಎಂಟಿ ಮತ್ತು 1954ರಲ್ಲಿ ಶುರುವಾದ ಬಿಇಎಲ್ ಈ ಭಾಗಕ್ಕೆ ಅನ್ನ ಕೊಟ್ಟ ಸಂಸ್ಥೆಗಳು. ಅವರ ದಿನಕ್ಕೆ ಗಟ್ಟಿಯಾದ ಎರಡು ತುದಿಗಳಿದ್ದವು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಕೆಲಸ ಶುರು, ಸಂಜೆ ಅದೇ ಬಸ್ಸಿನಿಂದ ಇಳಿದರೆ ಕೆಲಸ ಮುಗಿಯಿತು. ಮನೆಗೆ ಬಂದವರು ಕೈಕಾಲು ತೊಳೆದು, ಕಾಫಿ ಕುಡಿದು, ತರಕಾರಿ ಚೀಲ ಹಿಡಿದು ಹೊರಡುತ್ತಿದ್ದರು. ಕಾರ್ಖಾನೆಯ ಲೇತ್ ಯಂತ್ರ ಅವರ ಹಿಂದೆ ಮನೆಗೆ ಬರುತ್ತಿರಲಿಲ್ಲ.

ಅವರ ಮಕ್ಕಳು, ಸೊಸೆಯಂದಿರು ಈಗ ಅದೇ ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ಅಮೆರಿಕದ ಬ್ಯಾಂಕಿಗೋ ಜರ್ಮನಿಯ ಕಾರು ಕಂಪನಿಗೋ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಲಾಗಿನ್. ರಾತ್ರಿ ಹತ್ತೂವರೆಗೆ ‘ಒಂದೇ ಒಂದು ಕಾಲ್ ಇದೆ, ನೀವು ಊಟ ಮಾಡಿ’ ಎಂಬ ಮಾತು. ಕೈಗಡಿಯಾರ ತಯಾರಿಸಿ ದೇಶಕ್ಕೆಲ್ಲ ಹೊತ್ತು ತೋರಿಸಿದ ಕಾರ್ಖಾನೆಯ ನೆರೆಯಲ್ಲೇ ಕೆಲಸ ಮುಗಿಯುವ ಹೊತ್ತು ಯಾವುದೆಂದು ತಿಳಿಯದ ತಲೆಮಾರೊಂದು ಬೆಳೆದಿದೆ. ಆ ತಲೆಮಾರಿನಲ್ಲಿ ನಾನೂ ಒಬ್ಬ.

ಮನೆಯಿಂದ ಕೆಲಸ ಮಾಡುವುದು ಒಳ್ಳೆಯದೇ, ಕೆಟ್ಟದ್ದೇ ಎಂಬ ಚರ್ಚೆ 2020ರಿಂದ ನಡೆದೇ ಇದೆ. ಹೆಚ್ಚು ಕೆಲಸ ತೆಗೆಯುವ ಉಪಾಯಗಳ ಪಟ್ಟಿಗಳು, ಕುರ್ಚಿ ಮೇಜುಗಳ ಜಾಹೀರಾತುಗಳು, ಬೆಳಿಗ್ಗೆ ಐದಕ್ಕೇ ಏಳಿ ಎಂಬ ಬುದ್ಧಿಮಾತುಗಳು ಸಾಕಷ್ಟು ಬಂದಿವೆ. ಇಷ್ಟು ವರ್ಷಗಳ ಅನುಭವವನ್ನೂ ನಡೆದ ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಮನೆಯಿಂದ ದುಡಿಯುವವರಲ್ಲಿ ಬಹುತೇಕರಿಗೆ ಕಷ್ಟವಾಗಿರುವುದು ಕೆಲಸ ಶುರುಮಾಡುವುದಲ್ಲ, ಮುಗಿಸುವುದು. ಆ ಗೆರೆಯನ್ನು ಒಬ್ಬರೇ ಎಳೆದುಕೊಳ್ಳಲೂ ಆಗದು. ಮನೆಯವರು, ಕಂಪನಿ, ಕಾನೂನು ಎಲ್ಲವೂ ಸೇರಿ ಎಳೆಯಬೇಕಾದ ಗೆರೆ ಅದು.

ನಮ್ಮಲ್ಲಿ ಇದು ಹೊಸತಲ್ಲ

‘ವರ್ಕ್ ಫ್ರಮ್ ಹೋಮ್’ ಎಂಬ ಮಾತು ಕೋವಿಡ್ ಜೊತೆ ನಮ್ಮ ಬಾಯಿಗೆ ಬಂತು. ಮನೆಯಲ್ಲೇ ಕೂತು ದೂರದ ಮಾಲೀಕನಿಗೆ ದುಡಿಯುವುದು ಮಾತ್ರ ಕರ್ನಾಟಕಕ್ಕೆ ಬಹಳ ಹಳೆಯದು. ದಕ್ಷಿಣ ಕನ್ನಡದಲ್ಲೂ ಗಡಿಯಾಚೆಯ ಕಾಸರಗೋಡಿನಲ್ಲೂ ಹೆಂಗಸರು ತಲೆಮಾರುಗಳಿಂದ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ್ದಾರೆ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ತಂಬಾಕು ತಂದು, ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕಟ್ಟಿ ಕೊಡುವುದು. ಅಡುಗೆ, ಮಕ್ಕಳು, ದನಕರುಗಳ ನಡುವೆ ಸೂಪು ಮಡಿಲಲ್ಲೇ ಇರುತ್ತಿತ್ತು. ಕೂತು ಕೂತು ಬೆನ್ನುನೋವು, ತಂಬಾಕಿನ ಧೂಳಿಗೆ ಕೆಮ್ಮು. ಸಾವಿರ ತುಂಬುವವರೆಗೆ ಎದ್ದೇಳುವ ಹಾಗಿಲ್ಲ.

ಸಿಂಗಾಪುರದಿಂದ ಉತ್ತರಕ್ಕೆ ಯಲಹಂಕ ದಾಟಿ ಹೋದರೆ ಸಿಗುವ ದೊಡ್ಡಬಳ್ಳಾಪುರದಲ್ಲಿ ಮಗ್ಗಗಳು ಮನೆಯೊಳಗೇ ಇವೆ. ಗೋಡೆಯ ಒಂದು ಬದಿ ಮಗ್ಗ, ಇನ್ನೊಂದು ಬದಿ ಸಂಸಾರ. ಮಗ್ಗದ ಸದ್ದಿಗೇ ಮಕ್ಕಳು ನಿದ್ದೆ ಮಾಡಲು ಕಲಿಯುತ್ತಾರೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಊದುಬತ್ತಿ ಹೊಸೆದು ಮಕ್ಕಳನ್ನು ಓದಿಸಿದ ತಾಯಂದಿರ ಲೆಕ್ಕ ಇಟ್ಟವರಿಲ್ಲ.

ಈ ಹಳೆಯ ದುಡಿಮೆಯಿಂದ ಹೊಸಬರು ಕಲಿಯಬೇಕಾದ ಪಾಠವೊಂದಿದೆ. ಮನೆ ಕೆಲಸದ ಜಾಗವಾದಾಗ ಬಾಡಿಗೆ, ದೀಪ, ನೀರು, ಜಾಗ ಎಲ್ಲದರ ಖರ್ಚು ದುಡಿಯುವವನ ತಲೆಗೆ ಬೀಳುತ್ತದೆ. ಕೆಲಸದ ಹೊತ್ತು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಬೀಡಿ ಕಾರ್ಮಿಕರ ಹೋರಾಟಗಳ ನಂತರ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದು, ಮನೆಯಲ್ಲಿ ಕೂತು ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು ಒಪ್ಪಿಕೊಂಡಿತು. ಗೃಹಾಧಾರಿತ ದುಡಿಮೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಒಪ್ಪಂದವೊಂದನ್ನು ರೂಪಿಸಿತು. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ.

2020ರ ಮಾರ್ಚ್‌ನಿಂದ ಈಚೆಗೆ

ಕಂಪ್ಯೂಟರಿನ ಕೆಲಸ ಮನೆಗೆ ಬರಬಹುದೆಂಬ ಯೋಚನೆಯೂ ಹಳೆಯದೇ. ಅಮೆರಿಕದ ಜ್ಯಾಕ್ ನಿಲ್ಸ್ 1973ರಲ್ಲೇ ಅದಕ್ಕೆ ‘ಟೆಲಿಕಮ್ಯುಟಿಂಗ್’ ಎಂದು ಹೆಸರಿಟ್ಟಿದ್ದರು. ಬೆಂಗಳೂರಿನಲ್ಲಿ ಅದು ಅಪರೂಪದ ಸವಲತ್ತಾಗಿ, ಬಾಣಂತಿಯರಿಗೆ ಅಥವಾ ಕಾಲು ಮುರಿದವರಿಗೆ ಸಿಗುವ ರಿಯಾಯಿತಿಯಾಗಿ ಉಳಿದಿತ್ತು. ಕಾಲ್ ಸೆಂಟರ್ ನೌಕರರು ಮನೆಯಿಂದ ಕೆಲಸ ಮಾಡಬೇಕಾದರೆ ದೂರಸಂಪರ್ಕ ಇಲಾಖೆಯ ಬಿಗಿ ಷರತ್ತುಗಳಿದ್ದವು. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಬಂದಾಗ ಆ ಷರತ್ತುಗಳು ಸಡಿಲವಾದವು. ಅದೇ ವರ್ಷದ ನವೆಂಬರ್‌ನಲ್ಲಿ ನಿಯಮಗಳನ್ನೇ ಸರಳಗೊಳಿಸಲಾಯಿತು. ಲಾಕ್‌ಡೌನ್ ಶುರುವಾದ ಕೆಲವೇ ವಾರಗಳಲ್ಲಿ ಇಡೀ ಉದ್ಯಮ ಊಟದ ಮೇಜುಗಳ ಮೇಲೆ ಬಂದು ಕೂತಿತು.

ಬೆಂಗಳೂರಿನ ಮಟ್ಟಿಗೆ ರೋಗ ಇಳಿದ ಮೇಲೂ ಮನೆಯಿಂದ ಕೆಲಸಕ್ಕೆ ಕಾರಣಗಳು ಉಳಿದವು. ಹೊರ ವರ್ತುಲ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆಯುತ್ತಿದ್ದುದರಿಂದ ಅಲ್ಲಿನ ಕಂಪನಿಗಳು 2022ರ ಡಿಸೆಂಬರ್‌ವರೆಗೆ ನೌಕರರನ್ನು ಮನೆಯಿಂದಲೇ ದುಡಿಸುವುದು ಒಳ್ಳೆಯದೆಂದು ರಾಜ್ಯದ ಐಟಿ ಇಲಾಖೆ 2021ರ ಆಗಸ್ಟ್‌ನಲ್ಲಿ ಸಲಹೆ ನೀಡಿತು. 2022ರ ಸೆಪ್ಟೆಂಬರ್ ಮಳೆಗೆ ಅದೇ ರಸ್ತೆ ಮುಳುಗಿದಾಗ ಕಂಪನಿಗಳೇ ‘ಮನೆಯಲ್ಲೇ ಇರಿ’ ಎಂದವು. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕು. ಸಿಂಗಾಪುರದವರು ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗಿ ಬರುವುದೆಂದರೆ ಊರಿನ ಈ ತುದಿಯಿಂದ ಆ ತುದಿಗೆ ಪಯಣ. ದಿನಕ್ಕೆ ಮೂರು ಗಂಟೆ ಕ್ಯಾಬಿನಲ್ಲಿ ಕಳೆದವರಿಗೆ ಆ ಮೂರು ಗಂಟೆ ಮರಳಿ ಸಿಕ್ಕಿದ್ದು ವರವೇ ಆಗಿತ್ತು.

ಬಳಿಕ ಗಾಳಿ ತಿರುಗಿತು. ಒಂದು ಹೊತ್ತಿಗೆ ಕಾಲುಭಾಗ ನೌಕರರು ಮಾತ್ರ ಕಚೇರಿಯಲ್ಲಿದ್ದರೆ ಸಾಕು, 2025ರ ಹೊತ್ತಿಗೆ ಹಾಗೆ ಮಾಡುತ್ತೇವೆ ಎಂದು 2020ರಲ್ಲಿ ಹೇಳಿದ್ದ ಟಿಸಿಎಸ್, 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಬನ್ನಿ ಎಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ವಿಪ್ರೊ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ಒಂದು ಹಂತದವರೆಗಿನ ನೌಕರರಿಗೆ ತಿಂಗಳಿಗೆ ಹತ್ತು ದಿನ ಎಂದಿತು. ಈಗ ನಮ್ಮ ಬೀದಿಯಲ್ಲಿ ಹೆಚ್ಚಿನವರದು ‘ಹೈಬ್ರಿಡ್’ ಬದುಕು: ಕೆಲವು ದಿನ ರಸ್ತೆ, ಕೆಲವು ದಿನ ಕೋಣೆ.

ಕೆಲಸ ಹೆಚ್ಚಾಯಿತೇ, ಕಡಿಮೆಯಾಯಿತೇ?

ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವವರನ್ನು ನಂಬುವುದು ಕಷ್ಟ. ಏಕೆಂದರೆ ಒಳ್ಳೆಯ ಅಧ್ಯಯನಗಳೇ ಬೇರೆ ಬೇರೆ ಉತ್ತರ ಕೊಟ್ಟಿವೆ.

ಮನೆಯಿಂದ ಕೆಲಸದ ಪರ ವಾದಿಸುವವರು ಮೊದಲು ಎತ್ತಿ ಹೇಳುವುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಕಂಪನಿಯಲ್ಲಿ ನಡೆಸಿದ ಪ್ರಯೋಗವನ್ನು. ಪ್ರವಾಸದ ಟಿಕೆಟ್ ಕಾದಿರಿಸುವ ಆ ಕಂಪನಿಯ ಕಾಲ್ ಸೆಂಟರ್ ನೌಕರರಲ್ಲಿ ಇಷ್ಟಪಟ್ಟು ಮುಂದೆ ಬಂದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂಬತ್ತು ತಿಂಗಳು ಮನೆಯಿಂದ ಕೆಲಸ ಕೊಟ್ಟರು. ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಹೆಚ್ಚಿತು, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕಿಳಿಯಿತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತೆಲ್ಲ ಸುತ್ತಿತು. ಅದರ ಷರತ್ತುಗಳು ಮಾತ್ರ ಅಷ್ಟು ದೂರ ಹೋಗಲಿಲ್ಲ. ಅಲ್ಲಿ ಆಯ್ಕೆಯಾಗಲು ಮನೆಯಲ್ಲಿ ಕೆಲಸಕ್ಕೆ ಪ್ರತ್ಯೇಕ ಕೋಣೆ ಇರಬೇಕಿತ್ತು. ವಾರಕ್ಕೊಂದು ದಿನ ಕಚೇರಿಗೆ ಬರಬೇಕಿತ್ತು. ಹೆಚ್ಚಿದ ಕೆಲಸದಲ್ಲಿ ಬಹುಪಾಲು ಬಂದದ್ದು ಚುರುಕಿನಿಂದಲ್ಲ, ಬಿಡುವು ಮತ್ತು ರಜೆ ಕಡಿಮೆಯಾಗಿ ಹೆಚ್ಚು ಹೊತ್ತು ದುಡಿದದ್ದರಿಂದ. ಪ್ರಯೋಗ ಮುಗಿದ ಮೇಲೆ ಆಯ್ಕೆ ಕೊಟ್ಟಾಗ, ಮನೆಯಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿ ಕಚೇರಿಯೇ ಸಾಕು ಎಂದರು. ಅವರು ಕೊಟ್ಟ ಮುಖ್ಯ ಕಾರಣ ಒಂಟಿತನ.

ನಮಗೆ ಹತ್ತಿರದ ಚೆನ್ನೈನಲ್ಲಿ ಡೇವಿಡ್ ಅಟ್ಕಿನ್, ಆಂಟೊನೆಟ್ ಶೋರ್, ಸುಮಿತ್ ಶಿಂಧೆ ನಡೆಸಿದ ಪ್ರಯೋಗದ ಉತ್ತರ ಬೇರೆ. ಡೇಟಾ ಎಂಟ್ರಿ ಕೆಲಸದವರನ್ನು ಚೀಟಿ ಎತ್ತಿದಂತೆ ಮನೆಗೂ ಕಚೇರಿಗೂ ಹಂಚಿ ನೋಡಿದಾಗ, ಮನೆಯಲ್ಲಿದ್ದವರ ಉತ್ಪಾದಕತೆ ಶೇ 18ರಷ್ಟು ಕಡಿಮೆ ಇತ್ತು. ಮನೆಯಿಂದ ಕೆಲಸ ಬೇಕೆಂದು ಬಯಸಿದವರಿಗೇ ಮನೆಯಲ್ಲಿ ಹೆಚ್ಚು ಹಿನ್ನಡೆಯಾಗಿತ್ತು ಎಂಬುದು ಅದರ ನೋಯಿಸುವ ಭಾಗ. ಅದನ್ನು ಓದಿದಾಗ ನನಗೆ ನಮ್ಮ ಬೀದಿಯ ಮನೆಗಳು ಕಣ್ಣೆದುರು ಬಂದವು. ಮಗುವನ್ನೋ ಹಾಸಿಗೆ ಹಿಡಿದ ಹಿರಿಯರನ್ನೋ ನೋಡಿಕೊಳ್ಳಬೇಕಾದವರೇ ಮನೆಯಿಂದ ಕೆಲಸ ಕೇಳುತ್ತಾರೆ. ಅವರ ಗಮನವನ್ನು ಹರಿದು ಹಂಚುವುದೂ ಅದೇ ಹೊಣೆ.

ಮೂರನೆಯದು ಐಟಿಯವರಿಗೆ ನೇರ ಸಂಬಂಧಿಸಿದ್ದು. ಏಷ್ಯಾದ ದೊಡ್ಡ ಐಟಿ ಸೇವಾ ಕಂಪನಿಯೊಂದರ ಹತ್ತು ಸಾವಿರಕ್ಕೂ ಹೆಚ್ಚು ವೃತ್ತಿಪರರ ದಾಖಲೆಗಳನ್ನು ಮೈಕೆಲ್ ಗಿಬ್ಸ್ ಮತ್ತಿಬ್ಬರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. ಲಾಕ್‌ಡೌನ್ ಕಾಲದಲ್ಲಿ ಮನೆಗೆ ಹೋದ ಆ ನೌಕರರ ದುಡಿಮೆಯ ಗಂಟೆಗಳು ಏರಿದವು, ಕಚೇರಿ ಹೊತ್ತಿನ ಆಚೆಯ ದುಡಿಮೆಯೂ ಏರಿತು. ಮಾಡಿ ಮುಗಿಸಿದ ಕೆಲಸ ಮಾತ್ರ ಏರಲಿಲ್ಲ. ಗಂಟೆಯ ಲೆಕ್ಕದಲ್ಲಿ ಉತ್ಪಾದಕತೆ ಶೇ 8ರಿಂದ 19ರಷ್ಟು ಇಳಿಯಿತು. ಮೀಟಿಂಗ್‌ಗಳು ಹೆಚ್ಚಿ, ಅಡ್ಡಿಯಿಲ್ಲದೆ ಒಂದೇ ಕೆಲಸಕ್ಕೆ ಕೂರುವ ಹೊತ್ತು ಕಡಿಮೆಯಾಗಿತ್ತು. ಮಕ್ಕಳಿರುವವರಿಗೆ ಪೆಟ್ಟು ಹೆಚ್ಚು.

ಹಾಗಾದರೆ ಕಚೇರಿಯೇ ಮೇಲೇ? 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಬ್ಲೂಮ್ ಅವರ ಇನ್ನೊಂದು ಅಧ್ಯಯನ ಸಮಾಧಾನ ಕೊಡುತ್ತದೆ. ಅದೇ ಚೀನೀ ಕಂಪನಿಯ 1,612 ನೌಕರರಲ್ಲಿ ಒಂದು ಗುಂಪಿಗೆ ವಾರಕ್ಕೆರಡು ದಿನ ಮನೆಯಿಂದ ಕೆಲಸ ಕೊಟ್ಟರು. ಕೆಲಸದ ಗುಣಮಟ್ಟ, ಬಡ್ತಿ ಯಾವುದರಲ್ಲೂ ಇಳಿಕೆಯಾಗಲಿಲ್ಲ, ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು.

ಇವನ್ನೆಲ್ಲ ಜೋಡಿಸಿದರೆ ಮನೆ, ಕಚೇರಿ ಎಂಬ ಜಾಗದ ಹೆಸರಿಗಿಂತ ಷರತ್ತುಗಳೇ ಮುಖ್ಯವೆಂದು ಕಾಣುತ್ತದೆ. ಕೋಣೆ ಇದೆಯೇ, ಆಯ್ಕೆ ಇದೆಯೇ, ವಾರಕ್ಕೊಮ್ಮೆಯಾದರೂ ಜನರ ಮುಖ ಕಾಣುತ್ತದೆಯೇ, ಅಡ್ಡಿಯಿಲ್ಲದ ಹೊತ್ತು ಸಿಗುತ್ತದೆಯೇ? ಇವು ಇದ್ದರೆ ಮನೆಯಲ್ಲೂ ಕೆಲಸ ಸಾಗುತ್ತದೆ. ಇಲ್ಲದಿದ್ದರೆ ಕೊರತೆಯನ್ನು ತುಂಬಲು ನಾವು ಸುರಿಯುವುದು ರಾತ್ರಿಯ ನಿದ್ದೆಯನ್ನು.

ಮೈ ಹೇಳುವ ಮಾತು

ಮೊದಲ ಲಾಕ್‌ಡೌನಿನಲ್ಲಿ ನಾನು ಮಂಚದ ಮೇಲೆ ದಿಂಬಿಗೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆರು ತಿಂಗಳು ದುಡಿದೆ. ಮೊದಲು ಕತ್ತು ಹಿಡಿಯಿತು, ಆಮೇಲೆ ಬಲಗೈಯ ಬೆರಳುಗಳಲ್ಲಿ ಜೋಮು. ವೈದ್ಯರು ಮಾತ್ರೆಗಿಂತ ಮೊದಲು ಕೇಳಿದ ಪ್ರಶ್ನೆ: ‘ಎಲ್ಲಿ ಕೂತು ಕೆಲಸ ಮಾಡ್ತೀರಿ?’ ಲ್ಯಾಪ್‌ಟಾಪಿನ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿರುವುದೇ ತೊಂದರೆಯ ಮೂಲ. ಕೈಗೆ ಸರಿಯಾಗುವಂತೆ ಇಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗುವಂತೆ ಇಟ್ಟರೆ ಭುಜ ಏರುತ್ತದೆ. ಪರಿಹಾರಕ್ಕೆ ದುಬಾರಿ ಕುರ್ಚಿ ಬೇಕಿಲ್ಲ. ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಏರಿಸಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಬೇರೆ ಕೀಬೋರ್ಡ್, ಮೌಸ್ ಇರಲಿ. ಮೊಣಕೈ ಲಂಬಕೋನದಲ್ಲಿ ನಿಲ್ಲಲಿ. ಪಾದ ನೆಲಕ್ಕೆ ಅಥವಾ ಒಂದು ಮಣೆಗೆ ತಾಗಲಿ. ಸೊಂಟದ ಹಿಂದೆ ಮಡಿಸಿದ ಟವೆಲ್ ಇಟ್ಟರೂ ನಡೆಯುತ್ತದೆ.

ಕಣ್ಣಿಗೆ ನೇತ್ರವೈದ್ಯರು ಹೇಳುವ ಸೂತ್ರ ಸುಲಭ: 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ನಡಿಗೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಕಚೇರಿಗೆ ಹೋಗುವಾಗ ಬಸ್ ನಿಲ್ದಾಣದವರೆಗೆ, ಮೆಟ್ಟಿಲುಗಳ ಮೇಲೆ, ಕ್ಯಾಂಟೀನಿಗೆ ಎಂದು ಗೊತ್ತಿಲ್ಲದೇ ನಡೆಯುತ್ತಿದ್ದ ಹೆಜ್ಜೆಗಳು ಮನೆಯಲ್ಲಿ ಇಲ್ಲವಾಗುತ್ತವೆ. ಕೋಣೆಯಿಂದ ಅಡುಗೆಮನೆಗೆ ಎಷ್ಟು ಹೆಜ್ಜೆ?

ಉತ್ತರ ಬೆಂಗಳೂರಿನವರಿಗೆ ಒಂದು ಭಾಗ್ಯವಿದೆ. ಸಿಂಗಾಪುರದ ಕೆರೆ, ದೊಡ್ಡಬೊಮ್ಮಸಂದ್ರದ ಕೆರೆ, ಯಲಹಂಕದ ಕೆರೆ, ಹಕ್ಕಿಗಳಿಗೆ ಮೀಸಲಾದ ಪುಟ್ಟೇನಹಳ್ಳಿ ಕೆರೆ, ಜಕ್ಕೂರು ಕೆರೆ, ಜಾರಕಬಂಡೆ ಕಾವಲಿನ ಹಸಿರು ಇವೆಲ್ಲ ಈ ಕಡೆಗೇ ಇವೆ. ಬೆಳಗಿನ ಬಿಸಿಲಿನಲ್ಲಿ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆದು ಬಂದ ದಿನಕ್ಕೂ ಹಾಸಿಗೆಯಿಂದ ನೇರ ಪರದೆಗೆ ಬಂದ ದಿನಕ್ಕೂ ಇರುವ ವ್ಯತ್ಯಾಸ ಸಂಜೆ ನಾಲ್ಕರ ಹೊತ್ತಿಗೆ ಮೈಗೇ ಗೊತ್ತಾಗುತ್ತದೆ.

ಆದರೆ ಕುರ್ಚಿ, ನಡಿಗೆಗಳಿಗಿಂತ ದೊಡ್ಡದು ಗಂಟೆಗಳ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅತಿಯಾದ ಗಂಟೆಗಳ ದುಡಿಮೆಗೆ ಸಂಬಂಧಿಸಿ 2016ರ ಒಂದೇ ವರ್ಷ 7,45,000 ಮಂದಿ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತರು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35 ಹೆಚ್ಚು, ಹೃದ್ರೋಗದ ಸಾವಿನ ಅಪಾಯ ಶೇ 17 ಹೆಚ್ಚು. ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದಾಗ ಎದ್ದ ಚರ್ಚೆಯಲ್ಲಿ ಈ ಅಂಕಿಗಳಿಗೆ ಸಿಗಬೇಕಾದ ಜಾಗ ಸಿಗಲಿಲ್ಲ. 2025ರಲ್ಲಿ ಇನ್ಫೊಸಿಸ್, ಮನೆಯಿಂದ ದುಡಿಯುವವರು ದಿನಕ್ಕೆ ಒಂಬತ್ತೂಕಾಲು ಗಂಟೆಯ ಸರಾಸರಿ ಮೀರಿದರೆ ಎಚ್ಚರಿಸುವ ಇಮೇಲ್ ಕಳಿಸತೊಡಗಿತು. ಹೀಗೆ ‘ಸಾಕು ಮಾಡಿ’ ಎಂದು ಉದ್ಯೋಗದಾತರೇ ಹೇಳುವುದು ಒಳ್ಳೆಯ ಆರಂಭ.

ಮನಸ್ಸಿಗೆ ಕಿಟಕಿ

ಕಚೇರಿಯಲ್ಲಿ ಕೆಲಸದ ನಡುವೆ ತಾನಾಗಿ ಸಿಗುವುದೊಂದಿತ್ತು: ಯಾರದೋ ಹುಟ್ಟುಹಬ್ಬದ ಕೇಕು, ಟೀ ಅಂಗಡಿಯ ಮುಂದಿನ ಹರಟೆ, ‘ಯಾಕೋ ಇವತ್ತು ಸಪ್ಪಗಿದ್ದೀಯಲ್ಲ’ ಎಂದು ಕೇಳುವ ಗೆಳೆಯ. ಪರದೆಯ ಮೇಲೆ ಮುಖ ಕಾಣುತ್ತದೆ, ಸಪ್ಪಗಿರುವುದು ಕಾಣುವುದಿಲ್ಲ. ಲಾಕ್‌ಡೌನಿನಲ್ಲಿ ಕೆಲಸಕ್ಕೆ ಸೇರಿ, ಎರಡು ವರ್ಷ ತಮ್ಮ ತಂಡದ ಒಬ್ಬರನ್ನೂ ಎದುರಿಗೆ ನೋಡದ ಹುಡುಗ ಹುಡುಗಿಯರನ್ನು ನಾನು ಬಲ್ಲೆ. ಹಿರಿಯರ ಪಕ್ಕ ಕೂತು ನೋಡಿ ಕಲಿಯುವ ಭಾಗ್ಯ ಅವರಿಗೆ ಸಿಗಲೇ ಇಲ್ಲ. ಹೊಸಬರಿಗೆ ಕಚೇರಿ ಬೇಕು ಎಂದು ನಾನು ಒಪ್ಪುವುದು ಈ ಕಾರಣಕ್ಕೆ.

ಒಂದರ ಬೆನ್ನಿಗೆ ಒಂದು ಮೀಟಿಂಗ್ ಹಾಕಿಕೊಳ್ಳುವುದರಿಂದ ಆಗುವ ದಣಿವನ್ನು ಮೈಕ್ರೊಸಾಫ್ಟ್ 2021ರಲ್ಲಿ 14 ಮಂದಿಯ ಮಿದುಳಿನ ತರಂಗಗಳನ್ನು ಅಳೆದು ನೋಡಿತು. ನಡುವೆ ಹತ್ತು ನಿಮಿಷ ಬಿಡುವಿದ್ದಾಗ ಒತ್ತಡ ಇಳಿಯುತ್ತಿತ್ತು, ಬಿಡುವಿಲ್ಲದಿದ್ದಾಗ ಪೇರುತ್ತ ಹೋಗುತ್ತಿತ್ತು. ಅಧ್ಯಯನ ಚಿಕ್ಕದು, ಆದರೆ ಮೂರು ಕಾಲ್ ಮುಗಿಸಿ ಎದ್ದವರೆಲ್ಲರ ಅನುಭವ ಅದನ್ನೇ ಹೇಳುತ್ತದೆ.

ಸಂಕಟ ಕೈಮೀರುವ ಮುನ್ನ ಕೇಳಲು ಜಾಗಗಳಿವೆ ಎಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಯಿಂದ ನರಳುವವರಿಗಾಗಿ ‘ಷಟ್’ ಕ್ಲಿನಿಕ್ ತೆರೆದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಿದ್ದೆ ಹಾಳಾಗಿ ವಾರಗಳಾದರೆ, ಭಾನುವಾರ ಸಂಜೆಯೇ ಎದೆ ಭಾರವಾದರೆ ಅದನ್ನು ಸೋಮಾರಿತನವೆಂದು ಬೈದುಕೊಳ್ಳಬಾರದು.

‘ಮನೇಲೇ ಇದ್ದೀಯಲ್ಲ’

ಮನೆಯಿಂದ ದುಡಿಯುವವರ ಕಿವಿಗೆ ದಿನಕ್ಕೆ ಹತ್ತು ಸಲ ಬೀಳುವ ಮಾತಿದು. ಗ್ಯಾಸ್ ಸಿಲಿಂಡರ್ ಬಂದರೆ, ಕೊರಿಯರ್ ಬಂದರೆ, ಶಾಲೆಯ ವ್ಯಾನಿನಿಂದ ಮಗುವನ್ನು ಇಳಿಸಿಕೊಳ್ಳಬೇಕಾದರೆ, ‘ಹೇಗೂ ಮನೇಲೇ ಇದ್ದೀಯಲ್ಲ.’ ಗಂಡಸಿಗೆ ಈ ಮಾತು ಆಗಾಗ, ಹೆಂಗಸಿಗೆ ಇಡೀ ದಿನ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಮಹಿಳೆಯರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಪುರುಷರು 88 ನಿಮಿಷ. ಅಂದರೆ ಕಂಪನಿಯ ಒಂಬತ್ತು ಗಂಟೆಯ ಪಾಳಿಯ ಜೊತೆಗೆ ಸುಮಾರು ಐದು ಗಂಟೆಯ ಇನ್ನೊಂದು ಪಾಳಿ ಹೆಂಗಸಿನ ಹೆಗಲ ಮೇಲಿದೆ. ಕಚೇರಿಗೆ ಹೋಗುವಾಗ ಆ ಎರಡು ಪಾಳಿಗಳ ನಡುವೆ ಒಂದು ಬಸ್ ಪ್ರಯಾಣವಾದರೂ ಇತ್ತು. ಈಗ ಕುಕ್ಕರಿನ ಸೀಟಿ ಮತ್ತು ಮ್ಯಾನೇಜರ್ ಕರೆ ಒಂದೇ ನಿಮಿಷದಲ್ಲಿ ಕೂಗುತ್ತವೆ.

2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 26 ವಾರಗಳ ರಜೆಯ ಜೊತೆಗೆ, ಕೆಲಸದ ಸ್ವರೂಪ ಒಪ್ಪುವುದಾದರೆ ರಜೆಯ ನಂತರ ಮನೆಯಿಂದ ದುಡಿಯಲು ಪರಸ್ಪರ ಒಪ್ಪಂದದ ದಾರಿ ತೋರಿಸಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಈ ಎರಡನ್ನೂ ಒಟ್ಟಿಗೇ ಓದಬೇಕು. ಮನೆಯಿಂದ ಕೆಲಸ ಕೊಟ್ಟ ಮಾತ್ರಕ್ಕೆ ಮಗುವನ್ನು ನೋಡಿಕೊಳ್ಳುವವರು ಸಿಕ್ಕಂತಾಗಲಿಲ್ಲ. ತೊಟ್ಟಿಲು ತೂಗುವ ಕೈ ಕೀಬೋರ್ಡ್ ಒತ್ತುವುದನ್ನು ಸಾಧನೆಯೆಂದು ಹೊಗಳುವ ಬದಲು ತೊಟ್ಟಿಲ ಹತ್ತಿರ ಇನ್ನೊಂದು ಕೈ ಇರುವಂತೆ ನೋಡಿಕೊಳ್ಳಬೇಕು.

ಜಾಗದ ಪ್ರಶ್ನೆಯೂ ಹೀಗೆಯೇ. ನಮ್ಮಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಮೂರು ಬಾಡಿಗೆ ಮನೆಗಳಿರುತ್ತವೆ. ಹಾಲ್, ಒಂದು ಕೋಣೆ, ಅಡುಗೆಮನೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಹೊತ್ತಿಗೆ ಮೀಟಿಂಗ್ ಬಂದರೆ ಒಬ್ಬರು ಮಹಡಿಯ ನೀರಿನ ಟ್ಯಾಂಕಿನ ನೆರಳಿಗೆ ಹೋಗುತ್ತಾರೆ. ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ಏರೊ ಇಂಡಿಯಾ ನಡೆಯುವ ಫೆಬ್ರುವರಿಯಲ್ಲಿ ಯುದ್ಧವಿಮಾನಗಳು ತಲೆಯ ಮೇಲೆ ಹಾರಿದಾಗ ಇಡೀ ಬೀದಿ ಮ್ಯೂಟ್ ಒತ್ತುತ್ತದೆ. ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ಎಂಬ ಲೆಕ್ಕ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರಿಗೆ ಕಾಯುವುದೂ ಕೆಲಸದ ದಿನದ ಭಾಗವಾಯಿತು. ಹಳ್ಳಿಗೆ ಮರಳಿದವರದು ಬೇರೆ ಪಾಡು. ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ 2021ರ ಮಳೆಗಾಲದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡು ಮರೆತಿಲ್ಲ. ಮಲೆನಾಡಿನಿಂದ ದುಡಿಯಬಯಸಿದ ಅನೇಕರನ್ನು ಮತ್ತೆ ಬೆಂಗಳೂರಿಗೆ ಓಡಿಸಿದ್ದು ಸಿಗ್ನಲ್ ಇಲ್ಲದ ಗುಡ್ಡಗಳು.

ಕಾನೂನಿನ ಗೆರೆ

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತು. ಇದು ಕಚೇರಿಗೆ ಬಾಗಿಲು ಇದ್ದ ಕಾಲದ ಕಾನೂನು. 2024ರ ಜುಲೈಯಲ್ಲಿ ಐಟಿ ವಲಯದಲ್ಲಿ ಹೆಚ್ಚುವರಿ ದುಡಿಮೆ ಸೇರಿ ದಿನಕ್ಕೆ 14 ಗಂಟೆಯವರೆಗೆ ಅವಕಾಶ ಕೊಡುವ ಪ್ರಸ್ತಾವ ಬಂದಾಗ, ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು. 2025ರಲ್ಲಿ 12 ಗಂಟೆಯ ಪ್ರಸ್ತಾವ ಮತ್ತೆ ಚರ್ಚೆಗೆ ಬಂತು. 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ರಾಜ್ಯ ವರ್ಷಗಳ ಕಾಲ ವಿನಾಯಿತಿ ಕೊಡುತ್ತ ಬಂದಿತ್ತು.

ಹೊರಗಿನ ಜಗತ್ತು ಇನ್ನೊಂದು ದಿಕ್ಕಿಗೆ ಹೊರಟಿದೆ. ಕೆಲಸದ ಹೊತ್ತು ಮುಗಿದ ಮೇಲೆ ಕರೆ, ಇಮೇಲ್‌ಗಳಿಗೆ ಉತ್ತರಿಸದೇ ಇರುವ ಹಕ್ಕನ್ನು ಫ್ರಾನ್ಸ್ 2017ರ ಜನವರಿಯಿಂದ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಿಂದ ಕೊಟ್ಟಿವೆ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆಯವರು 2018ರಲ್ಲಿ ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಬೀಡಿ ಕಟ್ಟುವವಳನ್ನು ಕಾರ್ಮಿಕಳೆಂದು 1966ರಲ್ಲಿ ಒಪ್ಪಿದ ದೇಶಕ್ಕೆ, ಲ್ಯಾಪ್‌ಟಾಪ್ ಹಿಡಿದು ಮನೆಯಲ್ಲಿ ಕೂತವರಿಗೂ ಒಂದು ಸಂಜೆ ಇದೆ ಎಂದು ಒಪ್ಪುವುದು ಕಷ್ಟವಾಗಬಾರದು.

ಗೆರೆ ಎಳೆಯುವ ಬಗೆ

ಕಾನೂನು ಬರುವವರೆಗೆ ಮನೆಯಲ್ಲೇ ಮಾಡಬಹುದಾದದ್ದು ಇದೆ. ನನ್ನ ಅನುಭವಕ್ಕೆ ಬಂದದ್ದನ್ನೂ ನೆರೆಯವರು ಹೇಳಿದ್ದನ್ನೂ ಇಲ್ಲಿಡುತ್ತೇನೆ.

ಜಾಗ ಎಷ್ಟೇ ಚಿಕ್ಕದಿರಲಿ, ಕೆಲಸಕ್ಕೆ ಒಂದು ಮೂಲೆ ಗೊತ್ತಿರಲಿ, ಅದು ಹಾಸಿಗೆಯಾಗದಿರಲಿ. ಬೆಳಿಗ್ಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬೀದಿಯ ಕೊನೆಯವರೆಗೆ ನಡೆದು ಮರಳಿ ಬಂದು ಕೂರುವುದು ಕಳೆದುಹೋದ ಕಾರ್ಖಾನೆ ಬಸ್ಸಿನ ಕೆಲಸ ಮಾಡುತ್ತದೆ. ಸಂಜೆ ಇನ್ನೊಂದು ನಡಿಗೆ. ಕಷ್ಟದ ಕೆಲಸಕ್ಕೆ ದಿನದ ಎರಡು ಗಂಟೆ ಮೀಸಲಿಟ್ಟು, ಆ ಹೊತ್ತಿಗೆ ಮೀಟಿಂಗ್ ಬೇಡವೆಂದು ತಂಡಕ್ಕೆ ಮೊದಲೇ ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಮೀಟಿಂಗನ್ನು ಅರ್ಧ ಗಂಟೆಯ ಬದಲು 25 ನಿಮಿಷಕ್ಕೆ ಮುಗಿಸುವ ರೂಢಿಯನ್ನು ಕರೆಯುವವರೇ ತರಬೇಕು. ಅಮೆರಿಕದ ಹೊತ್ತಿಗೆ ದುಡಿಯುವವರು ರಾತ್ರಿ ಕೊಟ್ಟ ಗಂಟೆಗಳನ್ನು ಬೆಳಿಗ್ಗೆ ಮರಳಿ ಪಡೆಯಬೇಕು. ಊಟ ಪರದೆಯ ಮುಂದಲ್ಲ, ತಟ್ಟೆಯ ಮುಂದೆ.

ಮನೆಯವರ ಜೊತೆ ಒಮ್ಮೆ ಕೂತು ಮಾತಾಡುವುದು ಎಲ್ಲಕ್ಕಿಂತ ಮುಖ್ಯ. ಯಾವ ಹೊತ್ತಿನಲ್ಲಿ ಕರೆಯಬಾರದು, ಸಿಲಿಂಡರ್ ಯಾರು ಇಳಿಸಿಕೊಳ್ಳಬೇಕು, ಕುಕ್ಕರ್ ಯಾರು ಇಡಬೇಕು. ಹೇಳದೇ ಬಿಟ್ಟ ಕೆಲಸವೆಲ್ಲ ಹೆಂಗಸಿನ ಕಡೆಗೇ ಹರಿದು ಹೋಗುತ್ತದೆ, ಹಾಗಾಗಿ ಬಾಯಿಬಿಟ್ಟೇ ಹಂಚಿಕೊಳ್ಳಬೇಕು. ಲ್ಯಾಪ್‌ಟಾಪಿಗೆ ರಾತ್ರಿ ಇಡುವ ಜಾಗ ಒಂದಿರಲಿ. ನಮ್ಮ ಮನೆಯಲ್ಲಿ ಅದು ಹಾಲಿನ ಗೋಡೆಬೀರು. ಏಳೂವರೆಗೆ ಅದರ ಬಾಗಿಲು ಹಾಕಿದ ಸದ್ದು ಕೇಳಿದರೆ ಮಕ್ಕಳು ಕೇರಂ ಬೋರ್ಡ್ ತೆಗೆಯುತ್ತಾರೆ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿ ಇದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದದ್ದಕ್ಕಿಂತ ಮೀರಿದ್ದನ್ನು ತಂದಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಕಾಯಕದ ಹಿರಿಮೆ ಹೇಳಲು ನಾವು ಶರಣರನ್ನು ನೆನೆಯುತ್ತೇವೆ, ಆ ಕಾಯಕಕ್ಕೆ ಅವರು ಅಳತೆಯನ್ನೂ ಇಟ್ಟಿದ್ದರೆಂಬುದನ್ನು ಮರೆಯುತ್ತೇವೆ. ಇಲ್ಲಿಗೆ ಸಾಕು ಎಂಬ ಮಾತು ಆ ಕಥೆಯಲ್ಲಿ ಮನೆಯೊಳಗಿನಿಂದ ಬಂತು, ದುಡಿದು ತಂದವನು ಅದನ್ನು ಕೇಳಿಸಿಕೊಂಡ.

ರಾತ್ರಿ ಹತ್ತೂವರೆಗೆ ಮಹಡಿಯ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದ್ದರೆ, ಕೆಳಗಿನಿಂದ ಯಾರಾದರೂ ಕೂಗಲಿ: ಇವತ್ತಿಗೆ ಸಾಕು, ಬಾ, ಊಟ ಆರುತ್ತಿದೆ. ಆ ಕೂಗಿಗೆ ಕಂಪನಿಯೂ ಕಾನೂನೂ ದನಿಗೂಡಿಸಲಿ.